ಬಿಳಿ ಕಾಂಡ್ಲಾ, ಕಪ್ಪು ಖಾಡಿ

ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಇನ್‌ಫ್ರಾರೆಡ್‌ಗೆ ಮಾರ್ಪಡಿಸಿಕೊಂಡವರ ಮೊದಲ ಚಿತ್ರ ಯಾವ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಒಂದು ಕೆರೆ, ದಡದಲ್ಲಿ ಹೂಕೋಸಿನ ಹಾಗೆ ಬೆಳ್ಳಗೆ ಉಬ್ಬಿಕೊಂಡ ಮರಗಳು, ಮೇಲೆ ಕಪ್ಪಿಟ್ಟ ಆಕಾಶ. ಠಾಣೆಯವರಾದರೆ ಆ ಕೆರೆ ಉಪವನದ್ದೋ ತಲಾವ್‌ಪಾಳಿಯದ್ದೋ ಆಗಿರುತ್ತದೆ, ಅಷ್ಟೇ ವ್ಯತ್ಯಾಸ. ನೋಡಿದವರು ಹಿಮ ಬಿದ್ದ ಹಾಗಿದೆ ಎನ್ನುತ್ತಾರೆ, ತೆಗೆದವರಿಗೆ ಖುಷಿಯಾಗುತ್ತದೆ. ಎರಡನೆಯ ಚಿತ್ರವೂ ಹಾಗೇ, ಇಪ್ಪತ್ತನೆಯದೂ ಹಾಗೇ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಠಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ಖಾರ್‌ಘರ್‌ವರೆಗೆ ಕಾಂಡ್ಲಾ ಕಾಡು, ಕೆಸರು, ಕಾಂಕ್ರೀಟು ಒಂದಕ್ಕೊಂದು ಮೈತಾಗಿಸಿಕೊಂಡು ನಿಂತಿವೆ. ಇಂಥ ಜಾಗದ ಬಗ್ಗೆ ಈ ಕ್ಯಾಮೆರಾ ಹೇಳಬಲ್ಲ ಮಾತು ಬೇರೆಯೇ ಇದೆ. ನಾವು ಅದರಿಂದ ಹಿಮ ಬೀಳಿಸುತ್ತ ಕೂತಿದ್ದೇವೆ.

ಮಾರ್ಪಾಡು ಅಂಥ ದೊಡ್ಡ ಮಾಯೆಯೇನಲ್ಲ. ಸಿಲಿಕಾನ್ ಸೆನ್ಸರ್‌ಗೆ ಸುಮಾರು 1100 ನ್ಯಾನೋಮೀಟರ್‌ವರೆಗಿನ ಬೆಳಕು ತಾಕುತ್ತದೆ. ನಮ್ಮ ಕಣ್ಣು 700ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಮಾಮೂಲಿ ಚಿತ್ರದ ಬಣ್ಣ ಕೆಡಬಾರದೆಂದು ತಯಾರಕರು ಸೆನ್ಸರ್‌ನ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಕೂರಿಸಿರುತ್ತಾರೆ. ಆ ಗಾಜನ್ನು ಕಿತ್ತು, ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅದರಾಚೆಯದನ್ನು ಮಾತ್ರ ಬಿಡುವ ಇನ್ನೊಂದು ಗಾಜು ಹಾಕಿದರೆ ಕೆಲಸ ಮುಗಿಯಿತು. ಮಾತು ಸುಲಭ, ಕೆಲಸ ನಾಜೂಕು: ಗಾಜಿನ ದಪ್ಪ ತಪ್ಪಿದರೆ ಫೋಕಸ್ ತಪ್ಪುತ್ತದೆ, ಒಳಗೆ ಒಂದು ಕಣ ಧೂಳು ಉಳಿದರೆ ಪ್ರತಿ ಆಕಾಶದಲ್ಲೂ ಅದರ ಚುಕ್ಕೆ. ಫ್ಲಾಶ್ ಇರುವ ಕ್ಯಾಮೆರಾ ಬಿಚ್ಚುವವರಿಗೆ ಅದರ ಕೆಪಾಸಿಟರ್ ಜೋರಾಗಿಯೇ ಶಾಕ್ ಕೊಡಬಲ್ಲದು. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರುವ ಬಾಬತ್ತಲ್ಲ ಇದು.

ಮಾರ್ಪಡಿಸದೆಯೂ ಇನ್‌ಫ್ರಾರೆಡ್ ಚಿತ್ರ ತೆಗೆಯಬಹುದು. ಲೆನ್ಸ್ ಮುಂದೆ ಹೋಯಾ ಆರ್72 ಥರದ ಕಪ್ಪು ಫಿಲ್ಟರ್ ತಿರುಗಿಸಿ, ಟ್ರೈಪಾಡ್ ಮೇಲಿಟ್ಟು ಸೆಕೆಂಡುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಖಾಡಿಯ (ಕ್ರೀಕ್) ಗಾಳಿಗೆ ಎಲೆಗಳೆಲ್ಲ ಕಲಸಿಹೋಗಿರುತ್ತವೆ. ಮಾರ್ಪಾಡಾದ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ನಡೆಯಬಹುದು. ಅದರ ನಿಜವಾದ ಲಾಭ ಇದೇ.

ಎಲೆ ಬೆಳ್ಳಗಾಗುವುದಕ್ಕೆ ಕಾರಣ ಕ್ಲೋರೋಫಿಲ್ ಹೊಳೆಯುವುದೆಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಕ್ಲೋರೋಫಿಲ್ ಕೆಂಪು ಬೆಳಕನ್ನು ನುಂಗುತ್ತದೆ, ಇನ್‌ಫ್ರಾರೆಡ್ಡನ್ನು ತನ್ನೊಳಗೆ ಹಾಯಲು ಬಿಟ್ಟುಬಿಡುತ್ತದೆ. ಎಲೆಯೊಳಗಿನ ಜೀವಕೋಶಗಳ ಗೋಡೆ, ನಡುವಿನ ಗಾಳಿಗೂಡುಗಳಿಗೆ ಬಡಿದ ಆ ಬೆಳಕು ಚದುರಿ ಹಿಂದಿರುಗುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದ್ದರಿಂದ ಈ ಬಿಳುಪಿಗೆ ಅವರದೇ ಹೆಸರು ಅಂಟಿಕೊಂಡಿದೆ. ಅಂದರೆ ಚಿತ್ರದಲ್ಲಿ ಕಾಣುವುದು ಎಲೆಯ ಒಳಗಿನ ಕಟ್ಟಡ. ಇದನ್ನು ನೆನಪಿಟ್ಟುಕೊಂಡು ನೋಡಿದರೆ ಹಿಮದ ಕಲ್ಪನೆ ತಾನಾಗಿಯೇ ಕರಗುತ್ತದೆ.

ಇನ್ನು ಬಣ್ಣದ ಆಟ. 590 ಅಥವಾ 720 ನ್ಯಾನೋಮೀಟರ್‌ನಿಂದಾಚೆಗಿನ ಬೆಳಕು ಬಿಡುವ ಗಾಜು ಹಾಕಿಸಿದರೆ ಚಿತ್ರದಲ್ಲಿ ಒಂದಿಷ್ಟು ಬಣ್ಣದ ಸೊಗಡು ಉಳಿದಿರುತ್ತದೆ. ಹುಲ್ಲಿನ ಮೇಲೆ ವೈಟ್ ಬ್ಯಾಲೆನ್ಸ್ ಮಾಡಿ, ಸಾಫ್ಟ್‌ವೇರ್‌ನಲ್ಲಿ ಕೆಂಪು-ನೀಲಿ ಚಾನೆಲ್ ಅದಲುಬದಲು ಮಾಡಿದರೆ ನೀಲಿ ಆಕಾಶ, ಹೊಂಬಣ್ಣದ ಮರ ಸಿದ್ಧ. ಐರ್ಲೆಂಡಿನ ರಿಚರ್ಡ್ ಮೋಸ್ ಪೂರ್ವ ಕಾಂಗೋದ ಯುದ್ಧವನ್ನು ಕೋಡಕ್ ಏರೋಕ್ರೋಮ್ ಫಿಲ್ಮಿನ ಗುಲಾಬಿಯಲ್ಲಿ ತೋರಿಸಿ 2013ರ ವೆನಿಸ್ ಬಿಯೆನ್ನಾಲೆಯಲ್ಲಿ ಹೆಸರು ಮಾಡಿದ್ದು ನಿಜ. ಆದರೆ ಆ ಗುಲಾಬಿಗೆ ಅಲ್ಲೊಂದು ಸಮರ್ಥನೆಯಿತ್ತು: ಹಸಿರಿನ ಮರೆಯಲ್ಲಿ ಅಡಗಿದ ಶತ್ರುವನ್ನು ಆಕಾಶದಿಂದ ಹುಡುಕಲೆಂದೇ ಬೆಳೆಸಿದ ತಂತ್ರಜ್ಞಾನ ಅದು, ಎದುರಿಗಿದ್ದುದೂ ಕಾಡಿನಲ್ಲಿ ಅಡಗಿದ ಬಂದೂಕುಗಳೇ. ನಮ್ಮಲ್ಲಿ ಚಿನ್ನದ ಮರಕ್ಕೆ ಏನು ಕಾರಣ? ಅದರಲ್ಲೂ ಡೊಂಬಿವಲಿಯಲ್ಲಿ? ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 2014ರಲ್ಲಿ ಹಸಿರು ಮಳೆ ಬಿದ್ದಿತ್ತು, 2020ರಲ್ಲಿ ರಸ್ತೆಯೇ ಗುಲಾಬಿಯಾಗಿತ್ತು. ಯಾವ ಚಾನೆಲನ್ನೂ ಅದಲುಬದಲು ಮಾಡದೆ ಬಂದ ಬಣ್ಣಗಳವು. ಅಂಥ ಊರಿನಲ್ಲಿ ಕಂಪ್ಯೂಟರಿನ ಗುಲಾಬಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ.

ಹಾಗಾಗಿ ಕಪ್ಪು-ಬಿಳುಪಿಗೆ ಬರೋಣ, ಠಾಣೆ ಖಾಡಿಗೆ ಬರೋಣ. ಸುಮಾರು 1690 ಹೆಕ್ಟೇರಿನ ಫ್ಲೆಮಿಂಗೋ ಅಭಯಾರಣ್ಯ ಇಲ್ಲಿ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ಖಾಡಿಗೆ ರಾಮ್ಸರ್ ಜೌಗುಭೂಮಿಯ ಮಾನ್ಯತೆಯೂ ಸಿಕ್ಕಿತು. ಕ್ಯಾಮೆರಾ ಹಿಡಿದು ಬರುವವರ ಕಣ್ಣೆಲ್ಲ ಹಕ್ಕಿಯ ಮೇಲೆ. ಇನ್‌ಫ್ರಾರೆಡ್‌ನಲ್ಲಿ ಅದರ ಗುಲಾಬಿ ಅಳಿಸಿಹೋಗಿ, ಉದ್ದ ಕಾಲಿನ ಬಿಳಿ ಹಕ್ಕಿಯೊಂದು ಉಳಿಯುತ್ತದೆ. ಹಕ್ಕಿಯನ್ನು ಬಿಟ್ಟು ದಡ ನೋಡಿ. ಕಣ್ಣಿಗೆ ಕಾಂಡ್ಲಾ ಗಿಡ ಮಂಕು ಹಸಿರು, ಕೆಸರು ಮಂಕು ಕಂದು, ಹಿಂದಿನ ಕಟ್ಟಡಗಳು ಮಂಕು ಬೂದು. ಮೂರೂ ಮಬ್ಬಿನಲ್ಲಿ ಬೆರೆತುಹೋಗುತ್ತವೆ. ಈ ಕ್ಯಾಮೆರಾದಲ್ಲಿ ಗಿಡ ಉಳಿದೆಲ್ಲದರಿಂದ ಬೇರೆಯಾಗಿ ಎದ್ದು ನಿಲ್ಲುತ್ತದೆ. ಕಾಂಡ್ಲಾ ಬಿಳಿ, ಕಟ್ಟಡ ಬೂದು, ತಿಳಿನೀರು ಇನ್‌ಫ್ರಾರೆಡ್ ಹೀರುವುದರಿಂದ ಕಪ್ಪು. ಭರತದ ನೀರು ಒಂದು ಮಟ್ಟಿಗೆ ಕಪ್ಪೇ. ಇಳಿತದಲ್ಲಿ ಹೂಳು ಕಲಕಿದಾಗ ಅದೇ ನೀರು ಬೂದುಬಣ್ಣಕ್ಕೆ ತಿರುಗುತ್ತದೆ. ಎಲ್ಲಿ ಗಿಡ ಮುಗಿದು ಮಣ್ಣು ತುಂಬಿದ ಜಾಗ ಶುರುವಾಯಿತೆಂಬುದು ಗೆರೆ ಎಳೆದಂತೆ ಕಾಣುತ್ತದೆ. ಭರತದ ನೀರಿನ ದಾರಿಗೆ ಅಡ್ಡಗಟ್ಟಿದರೆ ಕಾಂಡ್ಲಾ ಒಣಗುತ್ತದೆ, ಎಲೆ ಉದುರಿದ ಆ ತುಂಡು ಬಿಳಿಯ ನಡುವೆ ಬೂದು ತೇಪೆಯಾಗುತ್ತದೆ.

ಈ ಉಪಾಯ ನಮ್ಮ ದೇಶಕ್ಕೆ ಹೊಸದಲ್ಲ. 1970ರ ಆಸುಪಾಸಿನಲ್ಲಿ ವಿಜ್ಞಾನಿ ಪಿ.ಆರ್. ಪಿಷಾರಟಿ ಅವರ ಮುಂದಾಳತ್ವದಲ್ಲಿ ಕೇರಳದ ತೆಂಗಿನ ತೋಟಗಳನ್ನು ಆಕಾಶದಿಂದ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಸೆರೆಹಿಡಿದು ಬೇರುಸೊರಗು ರೋಗ ಗುರುತಿಸಲು ನೋಡಿದ್ದೇ ಭಾರತದ ದೂರಸಂವೇದನೆಯ ಮೊದಲ ಹೆಜ್ಜೆ. 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಿಗೂ ಇನ್‌ಫ್ರಾರೆಡ್ ಪಟ್ಟಿಯಿತ್ತು. ಉಪಗ್ರಹ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತದೆ. ಹವ್ಯಾಸಿಗಳು ಕಲಿಯದೆ ಬಿಟ್ಟ ಪಾಠ ಅದೇ. ನವಿ ಮುಂಬೈನ ಪಾಮ್ ಬೀಚ್ ರಸ್ತೆಯ ಅಂಚಿನಲ್ಲಿ ಒಂದೇ ಜಾಗ, ಒಂದೇ ಲೆನ್ಸ್, ಒಂದೇ ಹೊತ್ತಿನ ಬಿಸಿಲು, ವರ್ಷವರ್ಷವೂ ಅದೇ ಚಿತ್ರ: ಬೇಸರದ ಕೆಲಸ, ಬಹುಮಾನವೂ ಬರಲಿಕ್ಕಿಲ್ಲ. ಆದರೂ ಇಪ್ಪತ್ತು ಕೆರೆಗಳ ಇಪ್ಪತ್ತು ಬಿಳಿ ಮರಗಳಿಗಿಂತ ಅಂಥ ನಾಲ್ಕು ಚಿತ್ರಗಳಿಗೆ ಹೆಚ್ಚು ತೂಕ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಈ ಕ್ಯಾಮೆರಾವನ್ನು ಸತ್ಯಹರಿಶ್ಚಂದ್ರ ಎಂದು ಪೂಜಿಸಬೇಕಿಲ್ಲ. ಕಲ್ಯಾಣದ ಬಳಿ ಉಲ್ಹಾಸ್ ನದಿಯ ಮೇಲೆ ಅಂತರಗಂಗೆ ಹಬ್ಬಿದಾಗ ಒಂದು ಚಿತ್ರ ತೆಗೆಯಿರಿ. ಮರಾಠಿಯವರು ಜಲಪರ್ಣಿ ಎನ್ನುವ ಆ ಕಳೆ ನದಿಯ ಉಸಿರು ಕಟ್ಟಿಸುತ್ತದೆ, ಕೊಳಚೆ ಸೇರಿದಷ್ಟೂ ಕೊಬ್ಬುತ್ತದೆ. ಚಿತ್ರದಲ್ಲಿ ಮಾತ್ರ ಅದು ಬಿಳಿ ಮಖಮಲ್ಲು. ಜೀವಂತ ಎಲೆಯೆಲ್ಲ ಈ ಕ್ಯಾಮೆರಾಕ್ಕೆ ಚೆಲುವೇ. ಯಾವುದು ಬೇಕಾದ ಎಲೆ, ಯಾವುದು ಬೇಡದ್ದು ಎಂಬುದು ಅದಕ್ಕೆ ತಿಳಿಯದು. ಅಡಿಬರಹವಿಲ್ಲದ ಅಂಥ ಚಿತ್ರ ನೋಡುಗರನ್ನು ನೇರವಾಗಿ ಮೋಸಗೊಳಿಸುತ್ತದೆ. ನದಿಯ ಹೆಸರು, ಗಿಡದ ಹೆಸರು, ತಿಂಗಳು, ಇಷ್ಟನ್ನಾದರೂ ಕೆಳಗೆ ಬರೆಯಬೇಕು.

ಅಂಬರನಾಥದ ಶಿವಾಲಯದಲ್ಲಿ ಇದೇ ಗುಣ ಉಪಕಾರಕ್ಕೆ ಬರುತ್ತದೆ. ಶಿಲಾಹಾರರ ಕಾಲದ ಆ ಗುಡಿಯ ಶಾಸನ ಕ್ರಿ.ಶ. 1060ರದು. ಕಪ್ಪುಕಲ್ಲಿನ ಕೆತ್ತನೆಯನ್ನು ಬಣ್ಣದಲ್ಲಿ ನೋಡಿದರೆ ಕಲೆ, ಪಾಚಿ, ನೆರಳು ಎಲ್ಲ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಇನ್‌ಫ್ರಾರೆಡ್‌ನಲ್ಲಿ ಕಲ್ಲು ಕಪ್ಪಾಗಿಯೇ ಉಳಿದು, ಸಂದಿಯಲ್ಲಿ ಬೇರೂರಿದ ಬೆರಳುದ್ದದ ಅರಳಿ ಸಸಿಯೂ ಬೆಳ್ಳಗೆ ಮಿನುಗುತ್ತದೆ. ಕಲ್ಲು ಬಿರಿಯಲು ಇಂಥ ಸಸಿಗಳೂ ಕಾರಣ. ಹಳೆಯ ಕಟ್ಟಡ ಕಾಯುವವರ ಕೈಯಲ್ಲಿ ಇಂಥದೊಂದು ಕ್ಯಾಮೆರಾ ಇದ್ದರೆ ತಪ್ಪಿಲ್ಲ.

ಮನುಷ್ಯರ ವಿಷಯಕ್ಕೆ ನಾನು ಇದನ್ನು ಶಿಫಾರಸು ಮಾಡಲಾರೆ. ಚರ್ಮ ಮೇಣದಂತೆ, ಕಣ್ಣು ಗುಳಿಯಂತೆ ಕಾಣುತ್ತದೆ. ಬಟ್ಟೆಯದ್ದು ಇನ್ನೊಂದು ತಮಾಷೆ: ಕಣ್ಣಿಗೆ ಅಚ್ಚ ಕಪ್ಪಾದ ಅನೇಕ ಸಿಂಥೆಟಿಕ್ ಬಟ್ಟೆಗಳು ಇನ್‌ಫ್ರಾರೆಡ್ಡನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತವೆ. ಠಾಣೆ ಕೋರ್ಟ್ ನಾಕಾದಲ್ಲಿ ಮಧ್ಯಾಹ್ನ ಚಹಾಕ್ಕೆ ನಿಂತ ವಕೀಲರ ಗುಂಪಿನಲ್ಲಿ ಒಬ್ಬರ ಕೋಟು ಕಪ್ಪು, ಪಕ್ಕದವರದ್ದು ಬೂದು, ಇನ್ನೊಬ್ಬರದ್ದು ಬಹುತೇಕ ಬಿಳಿ ಆಗಬಹುದು. 2006ರ ಲೈಕಾ ಎಂ8 ಕ್ಯಾಮೆರಾದ ತಡೆಗಾಜು ತೆಳುವಾಗಿದ್ದರಿಂದ ಕಪ್ಪು ಬಟ್ಟೆಗಳು ನೇರಳೆಯಾಗಿ ಬಂದು, ಕಂಪನಿ ಕೊಂಡವರಿಗೆಲ್ಲ ಎರಡೆರಡು ಫಿಲ್ಟರ್ ಪುಕ್ಕಟೆ ಕೊಡಬೇಕಾಯಿತು. ಕೆಲವು ತೆಳು ಬಟ್ಟೆಗಳು ಒಳಗಿನದನ್ನೂ ತೋರಿಸಬಹುದು ಎಂಬ ಕಾರಣಕ್ಕೇ, ಒಪ್ಪಿಗೆಯಿಲ್ಲದೆ ಜನರತ್ತ ಇದನ್ನು ತಿರುಗಿಸಬಾರದು.

ಋತುವಿನ ಮಾತೂ ಒಂದಿದೆ. ಮಳೆಗಾಲದ ಮೋಡದಡಿ ಇನ್‌ಫ್ರಾರೆಡ್ ಚಿತ್ರ ಸಪ್ಪೆ. ಮಾರ್ಚ್ ಬರುವ ಹೊತ್ತಿಗೆ ಯೇವೂರಿನ ಕಾಡು ಎಲೆ ಉದುರಿಸಿ ಬೋಳಾಗಿರುತ್ತದೆ. ಅಕ್ಟೋಬರ್, ನವೆಂಬರ್ ಒಳ್ಳೆಯದು: ಬಿಸಿಲೂ ಇದೆ, ಎಲೆಯೂ ಇದೆ. ಪಾರ್ಸಿಕ್ ಗುಡ್ಡದ ಮೇಲಿಂದ ತೆಳು ಮಬ್ಬನ್ನು ಈ ಕ್ಯಾಮೆರಾ ಸೀಳಬಲ್ಲದು. ದಟ್ಟ ಮಂಜು, ದಪ್ಪ ಧೂಳಿನ ಮುಂದೆ ಅದರ ಆಟ ನಡೆಯದು.

ಮಾರ್ಪಡಿಸಲು ಹೊರಟವರು ಯಾವ ಗಾಜೆಂದು ಕೇಳಿದರೆ ನನ್ನ ಒಲವು 830ಕ್ಕೆ. ಅದರಲ್ಲಿ ಬಣ್ಣವೇ ಉಳಿಯದ ಕಾರಣ ಚಿನ್ನದ ಮರದ ಆಸೆಯೂ ಹುಟ್ಟುವುದಿಲ್ಲ. ಬೆಳಕು ಕಡಿಮೆ ಬೀಳುವುದರಿಂದ ಐಎಸ್‌ಒ ಒಂದಿಷ್ಟು ಏರಿಸಬೇಕು, ಅಷ್ಟೇ. ಅಷ್ಟು ಕಟ್ಟುನಿಟ್ಟು ಬೇಡವೆನ್ನುವವರು 720 ಹಾಕಿಸಿಕೊಂಡು, ಬೇಕೆನಿಸಿದಾಗ ಲೆನ್ಸಿನ ಮುಂದೆ 830ರ ಫಿಲ್ಟರ್ ತಿರುಗಿಸಿಕೊಳ್ಳಬಹುದು. 830 ಹಾಕಿಸಿದ ಮೇಲೆ 720ಕ್ಕೆ ಹಿಂದಿರುಗಬೇಕೆಂದರೆ ಮತ್ತೆ ಕ್ಯಾಮೆರಾ ಬಿಚ್ಚಿಸಬೇಕು.