ಮಾತಿನ ಮೇಲಿನ ಸೂಟಿ

ಕಾರ್ಲ್ ರಿಟ್ಟರನ 1938ರ ‘ಉರ್ಲೌಬ್ ಔಫ್ ಎರೆನ್‌ವೋರ್ಟ್’ ನಾಜಿ ಆಳಿಕೆಯ ಪ್ರಚಾರಕೃತಿಯೆಂಬುದನ್ನು ಬಲ್ಲವರೆಲ್ಲ ಬಲ್ಲರು. 1955ರಲ್ಲಿ ವೋಲ್ಫ್‌ಗಾಂಗ್ ಲೀಬೆನೈನರನು ಅದೇ ಹೆಸರಿನಿಂದ ಪುನರ್ನಿರ್ಮಿಸಿದ ಚಿತ್ರಕ್ಕೆ ಮಾತ್ರ, ವಿಷವನ್ನು ಸೋಸಿ ತೆಗೆದ ಮಾನವೀಯ ಕಥೆಯೆಂಬ ಸುಲಭಖ್ಯಾತಿಯನ್ನು ದಯಪಾಲಿಸುವವರುಂಟು. ಆ ಖ್ಯಾತಿಗೆ ಆಧಾರವು ನನಗೆ ಕಾಣದು.

ರಣರಂಗಕ್ಕೆ ಸಾಗುವ ತುಕಡಿಯೊಂದು ಬರ್ಲಿನ್ನಿನಲ್ಲಿ ಕೆಲವು ತಾಸು ತಂಗುವುದು. ಸೈನಿಕರನ್ನು, ಮೇಲಿನವರ ಅಪ್ಪಣೆಯನ್ನು ಮೀರಿ, ಮರಳುವೆವೆಂಬ ಮಾತೊಂದನ್ನೇ ಒತ್ತೆಯಾಗಿ ಪಡೆದು, ತರುಣ ಲೆಫ್ಟಿನೆಂಟನು ಊರೊಳಕ್ಕೆ ಬಿಡುವನು. ಕಥೆಯ ಸತ್ವವೆಲ್ಲ ನಿಲ್ದಾಣದ ನಿರೀಕ್ಷೆಯಲ್ಲಿದೆ. ರಿಟ್ಟರನ ಕೌಶಲವನ್ನು ಇಲ್ಲಿ ಒಪ್ಪಲೇಬೇಕು, ಒಪ್ಪಿ ಅಂಜಲೂ ಬೇಕು. ಕಾಲ 1918ರ ಶರತ್ತು. ಯುದ್ಧವು ಸೋತಂತೆಯೇ ಇದೆ. ಗಾಡಿಯನ್ನೇರಿದವನು ಬಹುಮಟ್ಟಿಗೆ ಸಾಯಲೆಂದೇ ಏರುವನು. ಆದರೆ ಚಿತ್ರವು ಗಂಡಾಂತರವನ್ನು ಸೈನಿಕರ ತಲೆಯಿಂದ ಇಳಿಸಿ ಅಧಿಕಾರಿಯ ತಲೆಗೆ ಕಟ್ಟುವುದು: ಒಬ್ಬನು ತಪ್ಪಿದರೂ ಈ ಸಜ್ಜನನಿಗೆ ಸೇನಾನ್ಯಾಯಾಲಯವೇ ಗತಿ. ಅಲ್ಲಿಂದ ಮುಂದೆ, ಮನೆಯವರ ಮಡಿಲಲ್ಲಿರುವವನು ಬೇಗ ಬಿಡಿಸಿಕೊಳ್ಳಲಿ, ಯುದ್ಧವಿರೋಧಿ ಗೆಳೆಯರ ನಡುವೆ ಕುಳಿತವನು ಅವರ ಮಾತಿಗೆ ಕಿವಿಮುಚ್ಚಿ ಓಡಿ ಬರಲಿ ಎಂದು ನಾವೇ ಉಸಿರು ಬಿಗಿಹಿಡಿದು ಹಾರೈಸತೊಡಗುವೆವು. ಅವರನ್ನು ಮೃತ್ಯುವಿನ ಬಾಯಿಗೆ ನೂಕುವ ಕೈ ಹೀಗೆ ಪ್ರೇಕ್ಷಕನದೇ ಆಗುವುದು; ಘೋಷಣೆಯ ಹಂಗಿಲ್ಲದೆ ನಡೆಯುವ ಪ್ರಚಾರವಿದು.

ಇದನ್ನು ಪುಣ್ಯಕೋಟಿಯ ಸತ್ಯಸಂಧತೆಗೆ ಸರಿದೂಗಿಸಿ ಕೊಂಡಾಡುವ ಸಹೃದಯರೊಡನೆ ನನಗೆ ಜಗಳವಿದೆ. ಗೋವಿನ ಹಾಡಿನ ಕವಿಯು ನಮ್ಮನ್ನು ತಬ್ಬಲಿಯಾಗಲಿರುವ ಕರುವಿನ ಪಕ್ಕದಲ್ಲಿ ನಿಲ್ಲಿಸಿರುವನೇ ಹೊರತು ಹುಲಿಯ ಗುಹೆಯ ಮುಂದೆ ಗಳಿಗೆ ಎಣಿಸಲು ಕೂರಿಸಿಲ್ಲ. ಮಾತಿನಂತೆ ಹಸು ಮರಳಿದಾಗ ಅಳುಕಿ ಪ್ರಾಣ ಬಿಡುವುದು ಹುಲಿಯೇ ಅಷ್ಟೆ. ಬರ್ಲಿನ್ನಿನ ಹುಲಿಗೆ ನಾಚಿಕೆಯೆಂಬುದಿಲ್ಲ. ಅದು ಮರಳಿದವರನ್ನು ಎಣಿಸಿಕೊಂಡು ಗಾಡಿ ಹೊರಡಿಸುವುದು. ಸತ್ಯವು ಎರಡೆಡೆಯೂ ಒಂದೇ ಎನ್ನುವ ಪಂಡಿತರು ಹಾಡನ್ನು ಶಾಲೆಯಲ್ಲಿ ಅರ್ಧಕ್ಕೇ ಬಿಟ್ಟೆದ್ದವರಿರಬೇಕು.

ಅನ್ಯಾಯದ ಪಕ್ಷಕ್ಕೆ ಮಾತು ಕೊಟ್ಟವನ ಕಥೆಯೇ ಬೇಕಿದ್ದರೆ ನಮ್ಮ ಸೀಮೆಯವರು ಅಷ್ಟು ದೂರ ಹೋಗಬೇಕಾದುದಿಲ್ಲ. ಪುಲಿಗೆರೆಯ, ಎಂದರೆ ಈಗಿನ ಲಕ್ಷ್ಮೇಶ್ವರದ, ತಿರುಳ್ಗನ್ನಡವನ್ನು ಮೆರೆಸಿದ ಪಂಪನಿಗೂ ಗದುಗಿನ ಕುಮಾರವ್ಯಾಸನಿಗೂ ಕರ್ಣನು ಕೈಬಿಡಲಾಗದ ವ್ಯಥೆಯಾಗಿದ್ದನು. ಕೃಷ್ಣನಿಂದ ತನ್ನ ಹುಟ್ಟನ್ನರಿತೂ ಅವನು ಕೌರವನ ಋಣಕ್ಕೇ ಅಂಟಿ ನಿಲ್ಲುವಾಗ, ವೀರನಾರಾಯಣನ ಕವಿಯು ಅವನ ಕಣ್ಣೀರನ್ನು ಮರೆಮಾಚಲಿಲ್ಲ. ಸದ್ಯ, ಕರ್ಣನು ನಿಂತನಲ್ಲ ಎಂದು ನಾವು ನಿಟ್ಟುಸಿರಿಡುವಂತೆಯೂ ಮಾಡಲಿಲ್ಲ.

ಲೀಬೆನೈನರನು ಅರಿಯದವನಲ್ಲ. ಬೋರ್ಶರ್ಟನ ನಾಟಕವನ್ನು 1949ರಲ್ಲಿ ‘ಲೀಬೆ 47’ ಎಂದು ತೆರೆಗೆ ತಂದು, ಯುದ್ಧದಿಂದ ಮರಳಿದ ಸೈನಿಕನ ಪಾಳುಬಾಳನ್ನು ಕಂಡರಿಸಿದವನು ಅವನು. 1941ರಲ್ಲಿ, ರೋಗಿಗಳ ಹತ್ಯೆಗೆ ಜನಮನವನ್ನು ಹದಗೊಳಿಸಿದ ‘ಇಷ್ ಕ್ಲಾಗೆ ಆನ್’ ಚಿತ್ರವನ್ನು ನಿರ್ದೇಶಿಸಿದವನೂ ಅವನೇ. 1955ರಲ್ಲಿ ಅವನು ಕಥೆಯನ್ನು ಎರಡನೆಯ ಮಹಾಯುದ್ಧಕ್ಕೆ ಸರಿಸಿದನು. ಮಾತಿನ ಒತ್ತೆಯೆಂಬ ಹಳೆಯ ಕೀಲನ್ನು ಮಾತ್ರ ಹಾಗೆಯೇ ಉಳಿಸಿಕೊಂಡನು. ಅದೇ ವರ್ಷದ ನವೆಂಬರಿನಲ್ಲಿ ಪಶ್ಚಿಮ ಜರ್ಮನಿಯು ತನ್ನ ಹೊಸ ಸೇನೆಯ ಮೊದಲ ಸ್ವಯಂಸೇವಕರನ್ನು ಬರಮಾಡಿಕೊಂಡಿತು. ಮಾತಿಗೆ ತಪ್ಪದ ಸೈನಿಕನ ಕಥೆಯು ಆ ಸರಕಾರಕ್ಕೆ ಬೇಡವಾಗಿದ್ದಿರಲಾರದು.