ಗುಳಿಗೆಯ ಐದು ವರ್ಷಗಳಿಗೆ ಕಥೆಯಿಲ್ಲವೇ?

ಸ್ತನ ಕ್ಯಾನ್ಸರ್ ಅನುಭವದ ಬರಹಗಳನ್ನು ನನ್ನ ಸಂಶೋಧನೆಗೆಂದು ಓದತೊಡಗಿ ಎರಡು ವರ್ಷವಾಯಿತು. ಅವುಗಳಲ್ಲಿ ಹೆಚ್ಚಿನವು ಮುಗಿಯುವ ಜಾಗ ಒಂದೇ. ಗಡ್ಡೆ ಕೈಗೆ ಸಿಗುತ್ತದೆ, ಆಪರೇಷನ್ ಆಗುತ್ತದೆ, ಕೀಮೋಗೆ ಕೂದಲು ಉದುರುತ್ತದೆ, ರೇಡಿಯೇಷನ್ ಮುಗಿಯುತ್ತದೆ, ಕೂದಲು ಮತ್ತೆ ಚಿಗುರುತ್ತದೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಮನೆಯಲ್ಲಿ ಇನ್ನೊಂದು ಕಥೆ ಅಲ್ಲಿಂದಲೇ ಶುರುವಾಯಿತು. ಚಿಕ್ಕಮ್ಮನ ರೇಡಿಯೇಷನ್ ಮುಗಿದ ದಿನ ನೆಂಟರೆಲ್ಲ ಬಂದು "ಗೆದ್ದುಬಿಟ್ಟೆ ನೀನು" ಎಂದು ಸಿಹಿ ತಿನ್ನಿಸಿ ಹೋದರು. ಅದೇ ವಾರ ಅವಳ ಕೈಗೆ ಟ್ಯಾಮಾಕ್ಸಿಫೆನ್ ಗುಳಿಗೆ ಬಂತು. ದಿನಕ್ಕೊಂದು, ಐದು ವರ್ಷ. ಬೇಕಾದರೆ ಹತ್ತು.

ಅನೇಕ ಸ್ತನ ಕ್ಯಾನ್ಸರ್‌ಗಳು ಈಸ್ಟ್ರೊಜೆನ್ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ಕೋಶದಲ್ಲಿ ಈಸ್ಟ್ರೊಜೆನ್ ಕೂರುವ ಜಾಗವನ್ನು ಟ್ಯಾಮಾಕ್ಸಿಫೆನ್ ತಾನೇ ಹಿಡಿದುಕೊಳ್ಳುತ್ತದೆ. ಮುಟ್ಟು ನಿಂತವರಿಗೆ ಹೆಚ್ಚಾಗಿ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥವು ದೇಹದಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನೇ ತಡೆಯುತ್ತವೆ. ಟ್ಯಾಮಾಕ್ಸಿಫೆನ್‌ನ ಹುಟ್ಟೂ ವಿಚಿತ್ರ. ಇಂಗ್ಲೆಂಡಿನಲ್ಲಿ ಗರ್ಭನಿರೋಧಕವೊಂದರ ಹುಡುಕಾಟದಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ 1962ರಲ್ಲಿ ಅದನ್ನು ತಯಾರಿಸಿದರು. ಆ ಕೆಲಸಕ್ಕೆ ಅದು ಒದಗಲಿಲ್ಲ. 1970ರ ದಶಕದಲ್ಲಿ ಸ್ತನ ಕ್ಯಾನ್ಸರಿನ ಮದ್ದಾಗಿ, ಅಲ್ಲಿಂದ ಈಚೆಗೆ ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ. ಬದಲಿಗೆ ಅದು ಕೇಳುವುದು ಮೈ ಸುಡುವ ಬಿಸಿ, ನಡುರಾತ್ರಿಯ ಬೆವರು, ನಿದ್ದೆಗೇಡು, ಯೋನಿಯ ತೊಂದರೆಗಳು, ಕಾರಣವಿಲ್ಲದೆ ಕುಸಿಯುವ ಮನಸ್ಸು. ಲೆಟ್ರೊಜೋಲ್‌ನ ಗುಂಪಾದರೆ ಕೀಲುನೋವು, ಮೂಳೆಯ ಸವೆತ.

ಈ ವರ್ಷಗಳು ನಮ್ಮ ಓದಿನಲ್ಲಿ ಎಲ್ಲಿವೆ? ಸೂಸನ್ ಸಾಂಟ್ಯಾಗ್ 1978ರಲ್ಲಿ ಕಾಯಿಲೆಯ ರೂಪಕಗಳ ಬಗ್ಗೆ ಬರೆದು, ಕ್ಯಾನ್ಸರನ್ನು ಯುದ್ಧದ ಮಾತಿನಲ್ಲಿ ವರ್ಣಿಸುವುದನ್ನು ಪ್ರಶ್ನಿಸಿದರು. ಆಡ್ರಿ ಲಾರ್ಡ್ 1980ರ ತಮ್ಮ ಕ್ಯಾನ್ಸರ್ ದಿನಚರಿಯ ಪುಸ್ತಕದಲ್ಲಿ ಕೃತಕ ಸ್ತನವನ್ನು ನಿರಾಕರಿಸಿ, ಮೌನವನ್ನೂ ನಿರಾಕರಿಸಿದರು. 2020ರಲ್ಲಿ ಪುಲಿಟ್ಜರ್ ಪಡೆದ ಆನ್ ಬೋಯರ್ ಅವರ ಪುಸ್ತಕದಲ್ಲಿ ಕೀಮೋದ ಹಿಂಸೆಯ ಜೊತೆಗೆ ಅದರ ಹಿಂದಿನ ದುಡ್ಡಿನ ಲೆಕ್ಕವೂ ಇದೆ. ಬೋಯರ್ ಅವರದು ಹಾರ್ಮೋನ್ ಗುಳಿಗೆಗಳಿಗೆ ಬಗ್ಗದ ಬಗೆಯ ಕ್ಯಾನ್ಸರ್. ಅವರು ಈ ಗುಳಿಗೆಯ ಬಗ್ಗೆ ಬರೆಯಬೇಕಿತ್ತು ಎನ್ನುವುದು ಅನ್ಯಾಯ. ಇವು ದೊಡ್ಡ ಪುಸ್ತಕಗಳೇ. ನನ್ನ ತಕರಾರು ಇರುವುದು ಇವುಗಳಿಂದ ನಾವು ಕಟ್ಟಿಕೊಂಡ ಓದಿನ ಅಭ್ಯಾಸದ ಬಗ್ಗೆ. ಕತ್ತಿ, ಗಾಯ, ಬೋಳುತಲೆ ಇದ್ದರೆ ಅನುಭವ ಎನ್ನುತ್ತೇವೆ. ಸ್ಟ್ರಿಪ್ಪಿನಿಂದ ಬಿಡಿಸಿಕೊಂಡ ಒಂದು ಗುಳಿಗೆ ನಮಗೆ ಘಟನೆಯಾಗಿಯೇ ಕಾಣುವುದಿಲ್ಲ.

ಆರ್ಥರ್ ಫ್ರಾಂಕ್ ಎಂಬ ಸಮಾಜಶಾಸ್ತ್ರಜ್ಞ 1995ರಲ್ಲಿ ಕಾಯಿಲೆಯ ಕಥನಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಮೊದಲಿನ ಆರೋಗ್ಯಕ್ಕೆ ಮರಳುವುದು, ದಿಕ್ಕು ತೋಚದ ಗೊಂದಲ, ನೋವಿನಿಂದ ಏನನ್ನೋ ಕಂಡುಕೊಳ್ಳುವ ಹುಡುಕಾಟ. ಗುಳಿಗೆಯ ವರ್ಷಗಳು ಈ ಮೂರರಲ್ಲೂ ಸರಿಯಾಗಿ ಕೂರುವುದಿಲ್ಲ. ಪರೀಕ್ಷೆಗಳಲ್ಲಿ ರೋಗ ಕಾಣುತ್ತಿಲ್ಲ, ಆದರೂ ಮೈಗೆ ಹುಷಾರಿಲ್ಲ. ಹುಷಾರಿಲ್ಲದಂತೆ ಮಾಡುತ್ತಿರುವುದೇ ಮದ್ದು. ಮರಳಲು ಹಳೆಯ ಮೈ ಇಲ್ಲ. ಕಂಡುಕೊಳ್ಳಲು ದೊಡ್ಡ ಸತ್ಯವೂ ಇಲ್ಲ. ಇರುವುದು ನಾಳೆಯ ಗುಳಿಗೆ.

ಕಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ಎರಡನೆಯ ವರ್ಷ ಚಿಕ್ಕಮ್ಮ ಎರಡು ತಿಂಗಳು ಗುಳಿಗೆ ನುಂಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿ ಒಡೆಯದ ಸ್ಟ್ರಿಪ್ಪುಗಳು ಸಿಕ್ಕಾಗ ಕೇಳಿದೆ. "ಎಲ್ಲರೂ ಗೆದ್ದೆ ಗೆದ್ದೆ ಅಂತಾರೆ ಕಣೇ. ಗೆದ್ದವಳು ರಾತ್ರಿ ಮೂರು ಸಲ ಎದ್ದು ರವಿಕೆ ಬದಲಾಯಿಸ್ತೀನಿ ಅಂತ ಯಾರ ಹತ್ತಿರ ಹೇಳಲಿ?" ಎಂದಳು. ಈ ಗುಳಿಗೆಗಳನ್ನು ಅವಧಿಗೆ ಮೊದಲೇ ಬಿಡುವ ಹೆಂಗಸರು ಕಡಿಮೆಯಿಲ್ಲ, ಬಿಟ್ಟರೆ ರೋಗ ಮರಳುವ ಅಪಾಯ ಹೆಚ್ಚು ಎಂದು ವೈದ್ಯರು ಬಹುಕಾಲದಿಂದ ಹೇಳುತ್ತಿದ್ದಾರೆ. ಅವರು ಅದನ್ನು ಮದ್ದಿನ ಶಿಸ್ತಿನ ಪ್ರಶ್ನೆಯಾಗಿ ನೋಡುತ್ತಾರೆ. ನನಗೆ ಅದು ಕಥನದ ಪ್ರಶ್ನೆಯಾಗಿಯೂ ಕಾಣುತ್ತದೆ. ಗೆಲುವಿನ ಕಥೆ ಚಿಕ್ಕಮ್ಮನ ಬಾಯಿ ಕಟ್ಟಿತ್ತು.

ಕನ್ನಡದ ಒಂದು ಪದ ಇಲ್ಲಿ ನೆರವಿಗೆ ಬರುತ್ತದೆ. ಇಂಗ್ಲಿಷಿನವರು ಈ ತೊಂದರೆಗಳನ್ನು ಪಕ್ಕದಲ್ಲಿ ಇಡುತ್ತಾರೆ, ಮುಖ್ಯವಾದದ್ದು ಬೇರೆ ಎಂಬಂತೆ. ನಾವು 'ಅಡ್ಡಪರಿಣಾಮ' ಎಂದೆವು. ಅಡ್ಡ ಎಂದರೆ ಪಕ್ಕದಲ್ಲಿರುವುದು ಮಾತ್ರವಲ್ಲ. ದಾರಿಗೆ ಅಡ್ಡ ಮಲಗಿರುವುದು, ದಾಟದೆ ಮುಂದೆ ಹೋಗಲಾಗದ್ದು. ಗೊತ್ತಿದ್ದೋ ಗೊತ್ತಿಲ್ಲದೆಯೋ ನಮ್ಮ ಅನುವಾದ ಹೆಚ್ಚು ನಿಜ ಹೇಳಿದೆ.

ದಾಟುವ ಉಪಾಯಗಳೂ ಇವೆ. ಚಿಕ್ಕಮ್ಮನ ವೈದ್ಯೆ ಬೈಯಲಿಲ್ಲ. ರಾತ್ರಿಯ ಬೆವರಿಗೆ ಬೇರೊಂದು ಮದ್ದು ಕೊಟ್ಟರು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಟ್ಯಾಮಾಕ್ಸಿಫೆನ್‌ನ ಕೆಲಸವನ್ನೇ ಕುಂದಿಸುತ್ತವೆ, ಹಾಗಾಗಿ ಕೇಳದೆ ಯಾವುದನ್ನೂ ನುಂಗಬೇಡಿ ಎಂದರು. ದಿನಾ ನಡೆಯಲು ಹೇಳಿದರು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದೇ ಕಾಲು ಊದಿಕೊಂಡರೆ, ತಟ್ಟನೆ ಉಸಿರು ಕಟ್ಟಿದರೆ ತಡಮಾಡದೆ ಬರಬೇಕು ಎಂದರು. ಸಹನೆಯನ್ನೇ ಹೆಣ್ಣಿನ ಗುಣವೆಂದು ಹಾಡಿಹೊಗಳುವ ನಮ್ಮಲ್ಲಿ ಇದು ಮುಖ್ಯ. ಯಾವುದನ್ನು ಸಹಿಸಬಾರದು ಎಂದೂ ಗೊತ್ತಿರಬೇಕು.

ಆಮೇಲೆ ಅವಳು ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಇನ್ನೊಂದು ಲೆಕ್ಕ ಶುರುಮಾಡಿದಳು. "ಅರ್ಧ ಲೀಟರ್. ಬೆವರು 3. ನಿದ್ದೆ ಇಲ್ಲ." "ಒಂದು ಲೀಟರ್. ಬೆವರು 1. ವಾಕಿಂಗ್." ವೈದ್ಯೆಯ ಮುಂದೆ ಬಾಯಿಗೆ ಬಾರದ್ದನ್ನು ಆ ಹಾಳೆಗಳು ಹೇಳಿದವು. ನಾನು ಅವನ್ನು ಒಂದು ಕೃತಿಯಂತೆ ಓದಬಲ್ಲೆ. ಅದರಲ್ಲಿ ತಿರುವಿಲ್ಲ, ಶಿಖರವಿಲ್ಲ, ಮತ್ತೆ ಮತ್ತೆ ಬರುವುದಷ್ಟೇ ಇದೆ. ಮತ್ತೆ ಮತ್ತೆ ಬರುವುದಕ್ಕೆ ನಮ್ಮಲ್ಲಿ ಹಳೆಯ ರೂಪವೊಂದು ಇತ್ತು: ಬೆಳಗು ಹರಿಯುವ ಮೊದಲೇ ಎದ್ದು ರಾಗಿ ಬೀಸುತ್ತ ಹೆಂಗಸರು ಕಟ್ಟಿದ ಪದಗಳು. ಕಲ್ಲು ಸುತ್ತುತ್ತಲೇ ಇರುತ್ತದೆ, ನಾಳೆಯೂ ಬೀಸಬೇಕು, ನಡುವೆ ಕಷ್ಟಸುಖ ಹೇಳಿಕೊಳ್ಳಬೇಕು. ಆ ಹಾಡು ಯಾರನ್ನೂ ಗೆಲ್ಲು ಎನ್ನುತ್ತಿರಲಿಲ್ಲ.

ಕಾಯಿಲೆಯ ಸಾಹಿತ್ಯ ಓದುವ ನಾವು ಮುಗಿಯದ್ದನ್ನು ಓದಲು ಕಲಿಯಬೇಕಿದೆ. ಮುಂದಿನ ಸಲ ಯಾರಾದರೂ ಚಿಕಿತ್ಸೆ ಮುಗಿಸಿ ಮನೆಗೆ ಬಂದಾಗ "ಗೆದ್ದೆ" ಎನ್ನುವ ಬದಲು "ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳಿನೋಡಿ. ಚಿಕ್ಕಮ್ಮನಿಗೆ ಈಗ ಮೂರನೆಯ ಕ್ಯಾಲೆಂಡರು. ನಿನ್ನೆಯ ಚೌಕದಲ್ಲಿ "ಬೆವರು 2" ಎಂದಿದೆ. ಪಕ್ಕದಲ್ಲಿ, ಗುಳಿಗೆ ನುಂಗಿದ್ದಕ್ಕೆ ಒಂದು ಗೀಟು.