ವಿನ್ಯಾಸವೂ ಶಾಸನವೂ: ವಿಶ್ವೇಶ್ವರಯ್ಯನವರ ಹೈದರಾಬಾದ್ ಯೋಜನೆಯ ಒಂದು ವಿಮರ್ಶೆ

ಹೈದರಾಬಾದಿನಲ್ಲಿ ನೆಲಸಿದ ಕನ್ನಡಿಗರು ಕೂಡಿದ ಸಭೆಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬಾರದಿರುವುದು ಅಪರೂಪ. ಮೂಸಿಯ ಪ್ರವಾಹದಿಂದ ಈ ನಗರವನ್ನು ಕಾಪಾಡಿದವರು ನಮ್ಮವರೆಂಬ ಅಭಿಮಾನ ಸಹಜವಾದುದೇ. ಆದರೆ ಅಭಿಮಾನವು ವಿಮರ್ಶೆಯ ಸ್ಥಾನವನ್ನು ಆಕ್ರಮಿಸಿದರೆ, ಕೃತಿಯಲ್ಲಿ ಕಣ್ಣಿಗೆ ಕಾಣುವ ಭಾಗವನ್ನು ಹೊಗಳಿ ಕಾಣದ ಭಾಗವನ್ನು ಮರೆಯುವ ಅಪಾಯವುಂಟು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ವಿಷಯದಲ್ಲಿ ಆಗಿರುವುದು ಇದೇ ಎಂದು ನನ್ನ ಅಭಿಪ್ರಾಯ.

1908ರ ಸೆಪ್ಟೆಂಬರ್ 28ರಂದು ಮೂಸಿಯು ಉಕ್ಕಿ ನಗರದೊಳಗೆ ನುಗ್ಗಿತು. ಮಡಿದವರ ಸಂಖ್ಯೆಯನ್ನು 15,000ದವರೆಗೆ ಅಂದಾಜು ಮಾಡಿದ್ದಾರೆ. ಮರುವರ್ಷ ನಿಜಾಮ್ ಸರ್ಕಾರದ ಕರೆಯ ಮೇರೆಗೆ ಬಂದ ವಿಶ್ವೇಶ್ವರಯ್ಯನವರು ನಗರದ ದಡವನ್ನಷ್ಟೇ ನೋಡಲಿಲ್ಲ. ಇಡೀ ಜಲಾನಯನ ಪ್ರದೇಶವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದುಹೋಗಿದ್ದವು. ನಗರದ ರಕ್ಷಣೆಯು ದಡದ ಗೋಡೆಯೊಂದರಲ್ಲೇ ಇಲ್ಲ, ಮೇಲ್ಗಡೆ ನೀರಿಗೆ ತಂಗಲು ಕೊಡುವ ಎಡೆಯಲ್ಲಿದೆ ಎಂಬುದು ಅವರ ತೀರ್ಮಾನದ ತಿರುಳು. ಅದರಂತೆ ಮೂಸಿಗೆ ಉಸ್ಮಾನ್ ಸಾಗರವು 1920ರಲ್ಲಿಯೂ, ಉಪನದಿ ಈಸಿಗೆ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡವು. ಪ್ರವಾಹವನ್ನು ತಡೆಯುವುದು, ಕುಡಿಯುವ ನೀರನ್ನು ಒದಗಿಸುವುದು ಎಂಬ ಎರಡು ಪ್ರಯೋಜನಗಳು ಇವುಗಳಿಂದ ಸಿದ್ಧಿಸಿದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರವಾಹ ತಡೆಯುವ ಜಲಾಶಯದಲ್ಲಿ ಮುಖ್ಯವಾದುದು ತುಂಬಿದ ನೀರಲ್ಲ, ತುಂಬದೆ ಬಿಟ್ಟ ಜಾಗ. ಆ ಜಾಗವು ಎಷ್ಟಿರಬೇಕೆಂಬುದು ಮೇಲಣ ನೆಲದ ಗುಣವನ್ನು ಅವಲಂಬಿಸಿದೆ. ಹೊಲವೂ ಹುಲ್ಲುಗಾವಲೂ ಮಳೆಯನ್ನು ಹೀರಿ ನಿಧಾನವಾಗಿ ಬಿಡುತ್ತವೆ. ಕಾಂಕ್ರೀಟು ಹಾಸಿದ ನೆಲವು ಅದನ್ನು ಒಮ್ಮೆಗೇ ಕಳುಹುತ್ತದೆ. ಕಲ್ಲುಗಾರೆಯ ಕಟ್ಟೆಯನ್ನು ಶಿಲ್ಪಿಯು ತಾನೇ ಕಟ್ಟಬಲ್ಲ. ಮೇಲಣ ಬಯಲನ್ನು ಬಯಲಾಗಿಯೇ ಉಳಿಸುವುದು ಶಾಸನದ ಕೆಲಸ. ಆದುದರಿಂದ ಶಾಸನವು ಈ ವಿನ್ಯಾಸದ ಹೊರಗಿನ ಸಂಗತಿಯಲ್ಲ. ಅದರ ಒಂದು ಅಂಗ.

ಆ ಶಾಸನ ಬಂದದ್ದು ಬಹಳ ತಡವಾಗಿ. 1996ರ ಮಾರ್ಚ್ 8ರಂದು ಆಂಧ್ರಪ್ರದೇಶ ಸರ್ಕಾರವು ಹೊರಡಿಸಿದ 111ನೆಯ ಆಜ್ಞೆಯು ಜಲಾಶಯಗಳಿಂದ 10 ಕಿಲೋಮೀಟರ್‌ವರೆಗೆ, 84 ಗ್ರಾಮಗಳಲ್ಲಿ, ಮಾಲಿನ್ಯಕಾರಿ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿಷೇಧಿಸಿತು. ಈ ವಲಯದಲ್ಲಿ ಕಾರ್ಖಾನೆಯೊಂದಕ್ಕೆ ಸರ್ಕಾರವೇ ವಿನಾಯಿತಿ ಕೊಟ್ಟಾಗ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅಪಾಯವಿಲ್ಲವೆಂದು ತೋರಿಸುವ ಹೊಣೆಯು ಕಾರ್ಖಾನೆ ಕಟ್ಟುವವನದೇ ಎಂದು 1999ರ ತೀರ್ಪು ಸಾರಿತು. 2000ದ ತೀರ್ಪು ವಿನಾಯಿತಿಯನ್ನು ರದ್ದುಮಾಡಿತು.

ಇಷ್ಟಾದರೂ ಆ ಆಜ್ಞೆಯಲ್ಲಿ ಒಂದು ಮೂಲದೋಷವಿತ್ತು. ಅದರ ಒತ್ತೆಲ್ಲ ನೀರಿನ ಶುದ್ಧತೆಯ ಮೇಲೆ. ವಿನ್ಯಾಸದ ಎರಡು ಪ್ರಯೋಜನಗಳಲ್ಲಿ ಕುಡಿಯುವ ನೀರಿನದನ್ನು ಎತ್ತಿ ಹಿಡಿದು, ಪ್ರವಾಹದ್ದನ್ನು ಹಿಂದಕ್ಕೆ ಬಿಟ್ಟರು. ಮುಂದೆ ಕೃಷ್ಣಾ ಗೋದಾವರಿಗಳ ನೀರು ನಗರಕ್ಕೆ ಹರಿದು ಬಂದಿತು. 2022ರ ಏಪ್ರಿಲ್ 12ರಂದು ತೆಲಂಗಾಣ ಸರ್ಕಾರವು 69ನೆಯ ಆಜ್ಞೆಯಿಂದ ನಿರ್ಬಂಧಗಳನ್ನು ತೆಗೆಯಲು ಹೊರಟಾಗ ಮುಂದಿಟ್ಟ ವಾದವೂ ಇದನ್ನೇ ಆಧರಿಸಿತ್ತು: ನಗರದ ನೀರಿನಲ್ಲಿ ಈ ಜಲಾಶಯಗಳ ಪಾಲು ಈಗ ಅತ್ಯಲ್ಪ. ಕುಡಿಯುವ ನೀರಿನ ಮಟ್ಟಿಗೆ ಈ ವಾದವನ್ನು ಅಲ್ಲಗಳೆಯುವುದು ಕಷ್ಟ. ಆದರೆ 1908ರ ಮಳೆಗೆ ಅದು ಉತ್ತರವಲ್ಲ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಜಲಾಶಯಗಳ ಬಾಗಿಲು ತೆರೆದು, ಮೂಸಿಯ ನೀರು ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಗೆ ನುಗ್ಗಿದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗ್ರಾಮಸ್ಥರ ಕಡೆಯ ನ್ಯಾಯವನ್ನೂ ಮರೆಯಬಾರದು. ನಗರದ ಕ್ಷೇಮಕ್ಕಾಗಿ ಅವರು ತಮ್ಮ ನೆಲದ ಬೆಲೆಯನ್ನು ತೆತ್ತರು. ಪ್ರತಿಯಾಗಿ ನಗರವು ಕೊಟ್ಟುದೇನು? ಪರಿಹಾರವಿಲ್ಲದ ನಿಷೇಧವು ಬಹುಕಾಲ ನಿಲ್ಲಲಾರದು.

ಬ್ಯಾಂಕಿನ ಮೇಜಿನ ಹಿಂದೆ ಕುಳಿತು ನಾನೂ ಮನೆಸಾಲದ ಕಾಗದಗಳಿಗೆ ರುಜು ಹಾಕಿದ್ದೇನೆ. ವಕೀಲರು ಕ್ರಯಪತ್ರಗಳ ಪರಂಪರೆಯನ್ನು ನೋಡಿದರು. ಎಂಜಿನಿಯರು ಮಂಜೂರಾದ ನಕ್ಷೆಯನ್ನೂ ಗೋಡೆಯ ಬೆಲೆಯನ್ನೂ ನೋಡಿದರು. ಆ ನಿವೇಶನದ ಮಳೆನೀರು ಎಲ್ಲಿಗೆ ಹೋಗುತ್ತದೆಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಾಗದಗಳೆಲ್ಲ ಕ್ರಮಬದ್ಧವಾಗಿದ್ದವು. ನಗರದ ಪಶ್ಚಿಮಕ್ಕೆ ಮನೆ ಹುಡುಕುವ ನಮ್ಮವರು ಅನೇಕರಿದ್ದಾರೆ. ಅವರಾದರೂ ಈ ಪ್ರಶ್ನೆಯನ್ನು ಕೇಳಲಿ.

ಯಾವ ಹೊಸ ಶಾಸನವೇ ಬರಲಿ, ಪ್ರವಾಹಕ್ಕೆ ಎಷ್ಟು ಜಾಗ, ಎಷ್ಟು ನೆಲ ಕಾಂಕ್ರೀಟಿಲ್ಲದೆ ಉಳಿಯಬೇಕು, ಆ ನೆಲದ ಒಡೆಯನಿಗೆ ಸಲ್ಲುವುದೇನು ಎಂಬ ಮೂರನ್ನೂ ಅದು ಅಂಕಿಗಳಲ್ಲಿ ಹೇಳಬೇಕು. ವಿಶ್ವೇಶ್ವರಯ್ಯನವರ ಸ್ಮರಣೆಗೆ ಸಭೆ ಸೇರುವ ನಾವು ಕೇಳಬೇಕಾದುದು ಇದನ್ನು. ವಿಷಯವನ್ನು ಬಲ್ಲ ಎಂಜಿನಿಯರರೂ ವಕೀಲರೂ ಈ ಚರ್ಚೆಯನ್ನು ಮುಂದುವರಿಸಬೇಕೆಂದು ವಿನಂತಿ.